ಮೂರೇ ಮನೆ ಯಾಕೆ ಅಂತ ಕೇಳಿದ್ದೆಯಲ್ಲ

ಮಂಗಳೂರು
28 ಸೆಪ್ಟೆಂಬರ್ 2025, ಆದಿತ್ಯವಾರ

ಪ್ರೀತಿಯ ಮಗಾ,

ನೀನು ಜರ್ಮನಿಗೆ ಮುಟ್ಟಿದ ಸುದ್ದಿ ಬಂದ ಮೇಲೆಯೇ ಅಪ್ಪ ಹೊಟ್ಟೆ ತುಂಬ ಉಂಡದ್ದು. ಇವತ್ತು ಬೆಳಿಗ್ಗೆ ನಾನು ಕಾರು ತೊಳೆದೆ. ಹಿಂದಿನ ಸೀಟಿನ ಅಡಿಯಲ್ಲಿ ಒಂದು ಹಿಡಿಯಷ್ಟು ಮಲ್ಲಿಗೆ, ಬಾಡಿ ಕಂದಾದದ್ದು ಸಿಕ್ಕಿತು. ಗುಡಿಸಿ ಬಿಸಾಡಲಿಕ್ಕೆ ಮನಸ್ಸಾಗಲಿಲ್ಲ. ತೆಂಗಿನ ಬುಡಕ್ಕೆ ಹಾಕಿ, ಕೈ ತೊಳೆದು ಬರೆಯಲಿಕ್ಕೆ ಕೂತಿದ್ದೇನೆ. ಬೀದಿಯ ಆಚೆ ತುದಿಯಲ್ಲಿ ಹುಲಿವೇಷದವರ ತಾಸೆ ಕೇಳುತ್ತಾ ಉಂಟು. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಅಳು ಬರುತ್ತದೆ, ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ.

ನೀನು ಹೊರಡುವ ಮೊದಲು ಮೂರು ಮನೆಗೆ ಹೇಳಿ ಬರಲಿಕ್ಕೆ ಕಾರಿನಲ್ಲಿ ಹೋದೆವಲ್ಲ, ಆಗ ಹೆಜಮಾಡಿ ಟೋಲಿನಲ್ಲಿ ಸಾಲು ನಿಂತಿದ್ದಾಗ ನೀನು ಕೇಳಿದ್ದು ನೆನಪುಂಟಾ? “ಅಮ್ಮ, ಹೊರಡಲಿಕ್ಕೆ ಇನ್ನು ಐದೇ ದಿನ. ಪ್ಯಾಕಿಂಗ್ ಅರ್ಧವೂ ಆಗಲಿಲ್ಲ. ಮೂರು ದಿನ ಕಾರಿನಲ್ಲೇ ಹೋದರೆ ಹೇಗೆ? ವಿಡಿಯೋ ಕಾಲ್ ಮಾಡಿದ್ದರೆ ಸಾಕಿತ್ತಲ್ವಾ?” ಆಮೇಲೆ ಪಡುಬಿದ್ರಿಯಲ್ಲಿ ದೊಡ್ಡ ಮಾವನ ಮನೆಯ ರಸ್ತೆ ದಾಟಿ ಮುಂದೆ ಬಂದಾಗ ಇನ್ನೊಂದು ಪ್ರಶ್ನೆ: “ಇಷ್ಟು ಹತ್ತಿರ ಬಂದು ಇವರ ಮನೆಗೆ ಹೋಗುವುದಿಲ್ಲ, ಎಲ್ಲಿಯೋ ನಾವುಂದಕ್ಕೆ ಹೋಗುತ್ತೇವೆ. ಮೂರೇ ಮನೆ ಯಾಕೆ?”

ನಾನು ಸುಮ್ಮನೆ ಗೇರ್ ಬದಲಿಸಿದೆ. ನಿನಗೆ ಸಿಟ್ಟು ಬಂದದ್ದು ಗೊತ್ತಾಯಿತು. ಆದರೆ ಉತ್ತರ ಕೊಡುವ ಹಾಗೆ ಇರಲಿಲ್ಲ ಮಗಾ. ಶಂಕರಪುರದ ಅತ್ತೆಗೆ ನಾನು ಮಾತು ಕೊಟ್ಟಿದ್ದೆ. ಈಗ ನೀನು ಸಮುದ್ರ ದಾಟಿದ್ದೀ, ಸ್ವಂತ ಕಾಲ ಮೇಲೆ ನಿಂತಿದ್ದೀ. ಇನ್ನು ನಿನಗೆ ಗೊತ್ತಿರದಿದ್ದರೆ ತಪ್ಪು ನನ್ನದಾಗುತ್ತದೆ.

ಮೊದಲು ಶಂಕರಪುರದ ಅತ್ತೆಯ ವಿಷಯ.

ಕಟಪಾಡಿಯಲ್ಲಿ ಬಲಕ್ಕೆ ತಿರುಗಿ ಅವರ ಅಂಗಳ ಮುಟ್ಟುವಾಗ ಎಂಟು ಗಂಟೆ. ಅತ್ತೆ ಜಗಲಿಯಲ್ಲಿ ಹೂ ಕಟ್ಟುತ್ತಾ ಇದ್ದರು. ನೀನು ಪಕ್ಕದಲ್ಲಿ ಕೂತು ಜರ್ಮನಿಯ ಚಳಿ, ಹಾಸ್ಟೆಲಿನ ಬಾಡಿಗೆ ಎಲ್ಲ ಹೇಳುತ್ತಿದ್ದೆ. ಅವರು ನಿನ್ನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದರು. ಕೈ ಮಾತ್ರ ಅದರಷ್ಟಕ್ಕೆ ನಡೆಯುತ್ತಿತ್ತು. ನೀರಿನಲ್ಲಿ ನೆನೆಸಿದ ಬಾಳೆನಾರು, ಎರಡು ಮೊಗ್ಗು ಆಚೆ, ಎರಡು ಮೊಗ್ಗು ಈಚೆ, ಒಂದು ಗಂಟು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕತ್ತಲಿರುವಾಗಲೇ ಎದ್ದು ಕೊಯ್ದ ಮೊಗ್ಗು ಅರಳುವ ಮೊದಲು ಹೂವಿನ ವ್ಯಾಪಾರದ ಕಟ್ಟೆಗೆ ಮುಟ್ಟಬೇಕು. ಅವತ್ತಿನ ರೇಟು ಅವತ್ತಿಗೆ. ನಾಳೆಗೆ ಇಟ್ಟುಕೊಳ್ಳುವ ಬೆಳೆ ಅದಲ್ಲ.

ಅವರ ಕೈಯಲ್ಲಿದ್ದ ಎರಡು ಬಂಗಾರದ ಬಳೆ ನೋಡಿದೆಯಲ್ಲ. 2020ರಲ್ಲಿ ಮುಂಬೈಯಲ್ಲಿ ಅಪ್ಪನ ಕ್ಯಾಂಟೀನ್ ಮುಚ್ಚಿತು. ಒಂದು ಸೂಟ್‌ಕೇಸ್ ಹಿಡಿದುಕೊಂಡು ಅಪ್ಪ ಊರಿಗೆ ಬಂದದ್ದು ನಿನಗೂ ನೆನಪಿರಬಹುದು. ಆ ವರ್ಷದ ಕೊನೆಗೇ ನಿನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಫೀಸಿಗೆ ಹಣ ಎಲ್ಲಿಂದ ಅಂತ ನೀನು ಕೇಳಿದಾಗ ಅಪ್ಪ “ವ್ಯವಸ್ಥೆ ಆಗಿದೆ” ಅಂದರು. ಆ ವ್ಯವಸ್ಥೆ ಅಂದರೆ ಅತ್ತೆಯ ಬಳೆ. ಆ ವರ್ಷ ಅವರಿಗೂ ಒಳ್ಳೆಯದಿರಲಿಲ್ಲ. ಮದುವೆ ಇಲ್ಲ, ಉತ್ಸವ ಇಲ್ಲ, ದೇವಸ್ಥಾನದ ಬಾಗಿಲು ಹಾಕಿತ್ತು. ಕೊಯ್ದರೆ ತೆಗೆದುಕೊಳ್ಳುವವರಿಲ್ಲದೆ ಎಷ್ಟೋ ದಿನ ಹೂವನ್ನು ಗಿಡದಲ್ಲೇ ಬಿಟ್ಟಿದ್ದರು. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಬಳೆ ಬಿಚ್ಚಿ ಸೊಸೈಟಿಯಲ್ಲಿ ಅಡವಿಟ್ಟು, ಹಣವನ್ನು ಅಕ್ಕಿ ಚೀಲದೊಳಗೆ ಇಟ್ಟು ಬಸ್ಸಿನಲ್ಲಿ ತಂದರು. ಒಂದೇ ಮಾತು ಹೇಳಿದರು: “ಮಗುವಿಗೆ ಹೇಳಬೇಡ. ಓದುವಾಗ ಭಾರ ಆಗುತ್ತದೆ.”

ಮರುವರ್ಷ ಒಂದು ಮದುವೆಯಲ್ಲಿ ನೀನೇ ಕೇಳಿದ್ದೆ, ಅತ್ತೆ, ಬಳೆ ಎಲ್ಲಿ ಅಂತ. “ಹೂ ಕಟ್ಟುವಾಗ ಬಂಗಾರ ಅಡ್ಡ ಬರುತ್ತದೆ ಮಗಾ” ಅಂದುಬಿಟ್ಟರು. ನಾನು ಆಚೆ ಹೋದೆ. 2023ರಲ್ಲಿ ಆ ಬಳೆ ಬಿಡಿಸಿದ್ದು ಅವರದೇ ಹೂವಿನ ದುಡ್ಡಿನಲ್ಲಿ. ಅಪ್ಪ ಮಂಗಳೂರಿನಲ್ಲಿ ಹೋಟೆಲ್ ಹಾಕಿ ಚೇತರಿಸಿಕೊಂಡ ಮೇಲೆ ಕವರಿನಲ್ಲಿ ಹಣ ಹಾಕಿ ಕೊಟ್ಟು ಬಂದರೆ, ಮನೆಗೆ ಮುಟ್ಟಿ ನೋಡುವಾಗ ಕವರು ಅವರು ಕೊಟ್ಟ ಬಾಳೆಗೊನೆಯ ಸಂದಿಯಲ್ಲಿತ್ತು.

ಹೊರಡುವಾಗ ನಿನ್ನ ತಲೆಗೆ ಇಡೀ ಒಂದು ಚೆಂಡು ಮುಡಿಸಿದರು. ನೀನು ಕಾರಿಗೆ ಹತ್ತಿ ಫೋನ್ ತೆಗೆದೆ. ನಾನು ಗಾಡಿ ತಿರುಗಿಸುತ್ತಾ ಕನ್ನಡಿ ನೋಡಿದೆ. ಅತ್ತೆ ಕೈ ಬೀಸಲಿಲ್ಲ. ನೀನು ಬಗ್ಗಿ ಕಾಲು ಹಿಡಿದ ಜಾಗದಲ್ಲಿ ನಾಲ್ಕೈದು ಹೂ ಉದುರಿತ್ತು ಕಾಣಬೇಕು, ಅದನ್ನು ಹೆಕ್ಕಿ ತಮ್ಮ ತುರುಬಿಗೆ ಸಿಕ್ಕಿಸಿಕೊಂಡರು. ಮದುವೆಯಾಗಿ ಬಂದಂದಿನಿಂದ ನೋಡಿದ್ದೇನೆ, ಅಷ್ಟು ಹೂ ಬೆಳೆದೂ ಅವರು ಮುಡಿಯುವುದು ಅಪರೂಪ. ಕಟ್ಟಿದ್ದೆಲ್ಲ ಕಟ್ಟೆಗೆ.

ಉಡುಪಿಯಲ್ಲಿ ಕನಕನ ಕಿಂಡಿಯ ಎದುರು ಕೈಮುಗಿದದ್ದು, ನೀನು ಗೆಳತಿಯರ ಜೊತೆ ರಥಬೀದಿ ಸುತ್ತಿ ಗಡ್‌ಬಡ್ ತಿಂದು ಬಂದದ್ದು, ಅದೆಲ್ಲ ನಿನ್ನ ಫೋಟೋಗಳಲ್ಲಿ ಉಂಟು.

ಮಾರನೆಯ ದಿನ ಮಾಬುಕಳದ ಸೇತುವೆ ದಾಟುವಾಗಲೇ ಮಳೆ ಹಿಡಿಯಿತು. ಮರವಂತೆಗೆ ಬರುವಾಗ ಬಿಟ್ಟಿತು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ನೀನು ಗಾಡಿ ನಿಲ್ಲಿಸಲಿಕ್ಕೆ ಹೇಳಿ ಇಳಿದೆ. ಎಷ್ಟು ಸಲ ನೋಡಿದರೂ ನನಗೂ ಅಲ್ಲಿ ಮಾತು ಬರುವುದಿಲ್ಲ. ಆದರೆ ಆ ರಸ್ತೆಯಲ್ಲಿ ನೀನು ಮೊದಲ ಸಲ ಹೋದದ್ದು ಕಡಲು ನೋಡಲಿಕ್ಕಲ್ಲ. ನಿನಗೆ ಒಂದೂವರೆ ವರ್ಷ. ನನಗೆ ಆಪರೇಶನ್ ಆಗಬೇಕಿತ್ತು, ಅಪ್ಪ ಮುಂಬೈಯಲ್ಲಿ, ಅಜ್ಜನಿಗೆ ಆಗ ಕಾಯಿಲೆ, ಅಜ್ಜಿ ಅವರನ್ನು ಬಿಟ್ಟು ಬರುವ ಹಾಗಿಲ್ಲ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳತಿ ನಿನ್ನನ್ನು ನಾವುಂದಕ್ಕೆ ಕರೆದುಕೊಂಡು ಹೋದಳು. ಅವಳಿಗೂ ನಿನ್ನ ಪ್ರಾಯದ ಮಗ. ನಲವತ್ತು ದಿನ ಇಬ್ಬರನ್ನೂ ಎರಡು ಸೊಂಟದಲ್ಲಿ ಹೊತ್ತಳು. ವಾಪಸು ಬರುವಾಗ ನೀನು “ಕಾಣ್, ಕಾಣ್” ಅಂತ ಕುಂದಾಪುರದ ಮಾತು ಆಡುತ್ತಿದ್ದೆ. ನನ್ನ ಹತ್ತಿರ ಬರಲಿಕ್ಕೆ ಒಪ್ಪದೆ ಅವಳ ಸೆರಗು ಹಿಡಿದು ಅತ್ತುಬಿಟ್ಟೆ. ನನಗೆ ಅವತ್ತು ಹೊಟ್ಟೆಯ ಹೊಲಿಗೆಗಿಂತ ಅದೇ ನೋವಾಗಿತ್ತು. ಅವಳು ನನ್ನ ಮುಖ ನೋಡಿ, ಎರಡು ದಿನ ನಮ್ಮ ಜೊತೆಯೇ ಉಳಿದು, ನಿನ್ನನ್ನು ಮೆಲ್ಲ ನನ್ನ ಮಡಿಲಿಗೆ ದಾಟಿಸಿ ಹೋದಳು.

ನಿನ್ನ ಗದ್ದದ ಅಡಿಯ ಗುರುತು ಆ ಮನೆಯ ಮೆಟ್ಟಿಲಿನದು. ಸಣ್ಣ ಗಾಯ. ಇಪ್ಪತ್ತು ವರ್ಷದ ಮೇಲಾಯಿತು, ಅವಳ ಮನಸ್ಸಿನಿಂದ ಅದು ಹೋಗಲಿಲ್ಲ. “ಬಾ ಹೆಣೆ” ಅಂತ ನನ್ನನ್ನು ಒಳಗೆ ಕರೆದವಳು ನಿನ್ನ ಗದ್ದ ಎತ್ತಿ ಹೆಬ್ಬೆರಳಿನಿಂದ ಆ ಗುರುತನ್ನು ಒಮ್ಮೆ ಸವರಿದಳು. ಮುದ್ದು ಮಾಡಿದ್ದು ಅಂತ ನೀನು ನಕ್ಕೆ. ಪ್ರತಿ ಸಲವೂ ಅವಳು ಹಾಗೇ ಮಾಡುತ್ತಾಳೆ. ಮುಂದಿನ ಸಲ ಸಿಕ್ಕಿದಾಗ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೋ. ಅವಳು ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯನ್ನು ಗಾಳಿಯಾಡದ ಡಬ್ಬಕ್ಕೆ ಹಾಕು.

ಕಾರ್ಕಳದ ಅಜ್ಜಿಯ ಸಂಗತಿ ಬೇರೆ. ಬೀಡಿ ಕಟ್ಟಿ ನನ್ನನ್ನು ಡಿಗ್ರಿ ಓದಿಸಿದ್ದು ನಿನಗೆ ಗೊತ್ತೇ ಉಂಟು. ದಿನಕ್ಕೆ ಸಾವಿರ ಬೀಡಿ, ಶಾಲೆ ಬಿಟ್ಟು ಬಂದ ಮೇಲೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗುವುದು ನನ್ನ ಕೆಲಸವಾಗಿತ್ತು. ಗೊತ್ತಿಲ್ಲದ್ದು ಅವರ ಹೆದರಿಕೆ. ರಾತ್ರಿ ನೀನು ಮಲಗಿದ ಮೇಲೆ ನನ್ನ ಹತ್ತಿರ ಬಂದು ಕೂತು ಕೇಳಿದರು: “ಬಜ್ಪೆಯಿಂದಲೇ ಹೋಗುವುದಾ? ಅದೇ ಗುಡ್ಡದಿಂದ?” 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿನ ಆ ವಿಮಾನ ನಿಲ್ದಾಣಕ್ಕೆ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಹೋದರು, ಬದುಕಿದ್ದು ಎಂಟೇ ಮಂದಿ. ಅವತ್ತು ಇಡೀ ದಿನ ಅಜ್ಜಿ ಟಿವಿಯ ಎದುರಿನಿಂದ ಏಳಲಿಲ್ಲ. ಈಗಲೂ ವಿಮಾನದ ಸದ್ದು ಕೇಳಿದರೆ ಅದು ದೂರ ಹೋಗುವ ತನಕ ಕೆಲಸ ನಿಲ್ಲಿಸುತ್ತಾರೆ. ನಿನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಪತ್ರೊಡೆ ಬಡಿಸಿ, ಅಂಗಳದಿಂದ ಗೊಮ್ಮಟನಿಗೆ ಕೈಮುಗಿಸಿ ಕಳಿಸಿದರು.

ತುಪ್ಪದ ಬಾಟಲಿ ಬೇಡ ಅಂದಾಗ ಅವರ ಮುಖ ಸಣ್ಣದಾದದ್ದು ನೀನೂ ನೋಡಿದೆ. ಯುರೋಪಿಗೆ ಹಾಲಿನ ಪದಾರ್ಥ ಬಿಡುವುದಿಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಅದು ಅರ್ಥವಾಗುವ ಕಾನೂನಲ್ಲ. ಆದರೆ ನೀನು ಫೋನಿನಲ್ಲಿ ಹುಡುಕಿ, “ಅಜ್ಜಿ, ತೆಂಗಿನಕಾಯಿ ಬಿಡ್ತಾರೆ” ಅಂದೆಯಲ್ಲ, ಅದೊಂದು ದೊಡ್ಡ ಕೆಲಸ ಮಾಡಿದೆ. ಅಟ್ಟದಿಂದ ಎಂಟು ಕಾಯಿ ಇಳಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ನೋಡಿ ಎರಡು ಆರಿಸಿದರು. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಮಗಾ. ಆದರೂ ಅಷ್ಟು ಹೊತ್ತು ಹಿಡಿದು ಕೇಳಿದರು. 23 ಕಿಲೋ ದಾಟುತ್ತದೆ ಅಂತ ನೀನು ನಿನ್ನ ಬೂಟು ತೆಗೆದು ಆ ಎರಡು ಕಾಯಿ ಇಟ್ಟದ್ದನ್ನು ನಾನು ಅಜ್ಜಿಗೆ ಫೋನಿನಲ್ಲಿ ಹೇಳಿದ್ದೇನೆ. ಈ ಎರಡು ದಿನದಲ್ಲಿ ನೆರೆಕರೆಯವರಿಗೆಲ್ಲ ಅದೇ ಕಥೆ.

ಮೂಡುಬಿದಿರೆಯಿಂದ ಮಂಗಳೂರಿಗೆ ನೀನು ಓಡಿಸಿದೆ. ಗುರುಪುರ ದಾಟುವ ತನಕ ಇಬ್ಬರೂ ಮಾತಾಡಲಿಲ್ಲ. ಆಗಲೇ ಎಲ್ಲ ಹೇಳಿಬಿಡಬೇಕು ಅಂತ ಎರಡು ಸಲ ಬಾಯಿ ತೆರೆದಿದ್ದೆ.

ಇನ್ನು ಒಂದು ಕೆಲಸ ಮಾಡು. ಅತ್ತೆಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡು. ಇಲ್ಲಿಯ ಹತ್ತು ಗಂಟೆಯ ಮೊದಲು ಬೇಡ, ಅಲ್ಲಿಯ ತನಕ ಅವರ ಎರಡು ಕೈಯೂ ಹೂವಿನಲ್ಲಿರುತ್ತದೆ. ಆಗ ನಿನಗೆ ಬೆಳಿಗ್ಗೆ ಆರೂವರೆ. ಅಕ್ಟೋಬರಿನ ಕೊನೆಯ ಆದಿತ್ಯವಾರ ನಿಮ್ಮ ಗಡಿಯಾರ ಹಿಂದೆ ಹೋದ ಮೇಲೆ ಐದೂವರೆ ಆಗುತ್ತದೆ, ಆಗ ಸ್ವಲ್ಪ ತಡವಾಗಿ ಮಾಡಿದರೂ ಆಯಿತು. ಬಳೆಯ ವಿಷಯ ಎತ್ತಬೇಡ. ಇವತ್ತು ಅಟ್ಟೆಗೆ ಎಷ್ಟಾಯಿತು ಅಂತ ಕೇಳು.

ನಿನ್ನ
ಅಮ್ಮ