ಹೊಸ ರೆಪ್ಲಿಕಾ ಇನ್ನು ಬ್ಯಾಕಪ್‌ನಿಂದ: ನಮ್ಮ ಹೋಟೆಲ್ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸರ್ವರ್‌ಗಳಲ್ಲಿ ಒಂದು ಕೆಲಸದ ರೀತಿ ಬದಲಾಗುತ್ತಿದೆ. ಗಲ್ಲಾದ ಮೇಲಿನ ಬಿಲ್ಲಿಂಗ್ ಸ್ಕ್ರೀನ್ ಹಾಗೇ ಇರುತ್ತದೆ, ದರವೂ ಅದೇ. ಆದರೂ ನಿಮ್ಮ ಲೆಕ್ಕ ಹೇಗೆ ಕಾಪಾಡಲಾಗುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು ಅಲ್ವಾ?

ನಿಮ್ಮ ಬಿಲ್, ಕೆಒಟಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ), ಸ್ಟಾಕ್ ಎಲ್ಲ ಇರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಬರೆಯುವುದು ಪ್ರೈಮರಿ, ಅಂದರೆ ಮುಖ್ಯ ಸರ್ವರ್‌ಗೆ. ಅಲ್ಲಿ ಆದದ್ದನ್ನು ಎರಡು ರೆಪ್ಲಿಕಾಗಳು, ಅಂದರೆ ಅದರ ನಕಲು ಸರ್ವರ್‌ಗಳು, ಆಗಿಂದಾಗಲೇ ಬರೆದುಕೊಳ್ಳುತ್ತವೆ. ಪ್ರೈಮರಿ ಕೈಕೊಟ್ಟರೆ ಪ್ಯಾಟ್ರೋನಿ ಎಂಬ ಸಾಫ್ಟ್‌ವೇರ್ ಒಂದು ರೆಪ್ಲಿಕಾವನ್ನು ಅದರ ಜಾಗಕ್ಕೆ ತರುತ್ತದೆ.

ಹೊಸ ರೆಪ್ಲಿಕಾ ಬೇಕಾದಾಗ ಇಲ್ಲಿಯವರೆಗೆ ಪ್ರೈಮರಿಯಿಂದಲೇ ಇಡೀ ಡೇಟಾ ಕಾಪಿ ಆಗುತ್ತಿತ್ತು. ಡೇಟಾ ಕಡಿಮೆ ಇದ್ದಾಗ ಅದು ಸಲೀಸು. ಈಗ ಮಾಟುಂಗಾ, ಚೆಂಬೂರು, ಮುಲುಂಡ್, ಡೊಂಬಿವಲಿಯ ಹೋಟೆಲುಗಳ ವರ್ಷಗಟ್ಟಲೆಯ ಬಿಲ್ ಅಲ್ಲಿದೆ. ಕಾಪಿ ಮುಗಿಯಲು ಗಂಟೆಗಳೇ ಬೇಕು. ಅಷ್ಟು ಹೊತ್ತೂ ಪ್ರೈಮರಿಯ ಡಿಸ್ಕ್, ನೆಟ್‌ವರ್ಕ್ ಎರಡಕ್ಕೂ ಭಾರ. ಮಧ್ಯಾಹ್ನದ ರಶ್‌ನಲ್ಲಿ ದೋಸೆ ಭಟ್ಟರನ್ನು ಟೆಂಪೋದಿಂದ ಸಾಮಾನು ಇಳಿಸೋಕೆ ಕಳಿಸಿದ ಹಾಗೆ.

ಇನ್ನು ಮುಂದೆ ಪಿಜಿಬ್ಯಾಕ್‌ರೆಸ್ಟ್ ಎಂಬ ಟೂಲ್ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಹೊಸ ಸರ್ವರ್‌ಗೆ ಇಳಿಸುತ್ತದೆ. ಬ್ಯಾಕಪ್ ಇರುವುದು ಬೇರೆ ಕಡೆ, ಹಾಗಾಗಿ ಪ್ರೈಮರಿ ತನ್ನ ಪಾಡಿಗೆ ಬಿಲ್ ಮಾಡುತ್ತಿರುತ್ತದೆ. ಬ್ಯಾಕಪ್ ಆದ ಮೇಲಿನ ಬಿಲ್‌ಗಳು? ಪೋಸ್ಟ್‌ಗ್ರೆಸ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗ್‌ನಲ್ಲಿ ಬರೆಯುತ್ತದೆ. ಸಾಮಾನ್ಯವಾಗಿ 16 ಎಂಬಿಯ ಒಂದೊಂದು ಫೈಲು. ತುಂಬಿದ ಫೈಲುಗಳು ಬ್ಯಾಕಪ್ ಜೊತೆಗೇ ಜಮಾ ಆಗುತ್ತವೆ. ಹೊಸ ರೆಪ್ಲಿಕಾ ಅವನ್ನು ಸಾಲಾಗಿ ಓದಿಕೊಂಡು ಬಂದು, ಕೊನೆಯ ಚೂರನ್ನಷ್ಟೇ ಪ್ರೈಮರಿಯಿಂದ ಪಡೆಯುತ್ತದೆ.

ನಮಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ಪ್ರತಿ ಸಲ ರೆಪ್ಲಿಕಾ ಎದ್ದು ನಿಂತಾಗ ಬ್ಯಾಕಪ್ ಸರಿಯಿದೆ ಅನ್ನುವುದೂ ಗೊತ್ತಾಗುತ್ತದೆ. ತೆಗೆದು ನೋಡದ ಬ್ಯಾಕಪ್ಪನ್ನು ನಂಬುವುದು ಹೇಗೆ? ಆದರೆ ಒಂದು ಸೂಕ್ಷ್ಮ ಇದೆ. ಬ್ಯಾಕಪ್‌ನಿಂದ ಆಗದಿದ್ದರೆ ಪ್ಯಾಟ್ರೋನಿ ಸುಮ್ನೆ ಹಳೆ ದಾರಿ ಹಿಡಿದು ಪ್ರೈಮರಿಯಿಂದ ಕಾಪಿ ಮಾಡುವಂತೆ ಇಟ್ಟಿದ್ದೇವೆ. ಕೆಲಸವೇನೋ ಆಗುತ್ತದೆ, ಬ್ಯಾಕಪ್ ಕೆಟ್ಟಿರುವುದು ಮಾತ್ರ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅದಕ್ಕೇ, ಹಾಗಾದ ಕೂಡಲೇ ನಮ್ಮ ಫೋನಿಗೆ ಅಲಾರಂ ಬರುವ ಹಾಗೆ ಮಾಡಿದ್ದೇವೆ.

'ಎರಡು ರೆಪ್ಲಿಕಾ ಇರುವಾಗ ಬ್ಯಾಕಪ್ ಯಾಕೆ?' ಎಂದು ಕೆಲವರು ಕೇಳುತ್ತಾರೆ. ಮ್ಯಾನೇಜರ್ ಕೈತಪ್ಪಿ ಇಡೀ ಮೆನು ಅಳಿಸಿದರೆ ಮರುಕ್ಷಣವೇ ರೆಪ್ಲಿಕಾದಲ್ಲೂ ಅದು ಅಳಿದಿರುತ್ತದೆ. ಆಗ ಕೈಹಿಡಿಯುವುದು ಬ್ಯಾಕಪ್ಪೇ. ಹಾಗಾಗಿ ದಿನದ ಬ್ಯಾಕಪ್ ಎಂದಿನಂತೆ ನಡೆಯುತ್ತದೆ.

ನಿಮ್ಮ ರಿಪೋರ್ಟುಗಳು ಓದುವುದು ರೆಪ್ಲಿಕಾದಿಂದ. ಹೊಸದು ತಯಾರಾಗುವವರೆಗೆ ಉಳಿದ ಒಂದರ ಮೇಲೆ ಹೊರೆ ಜಾಸ್ತಿ, ದೊಡ್ಡ ರಿಪೋರ್ಟ್ ಸ್ವಲ್ಪ ತಡವಾಗಬಹುದು. ಜಿಎಸ್‌ಟಿ ರಿಟರ್ನ್‌ಗಳ ಕೊನೆ ದಿನಗಳಾದ ಜಿಎಸ್‌ಟಿಆರ್-1ರ 11ನೇ ತಾರೀಕು, ಜಿಎಸ್‌ಟಿಆರ್-3ಬಿಯ 20ನೇ ತಾರೀಕಿನ ಆಸುಪಾಸು ಈ ಕೆಲಸವನ್ನು ನಾವಾಗಿ ಇಟ್ಟುಕೊಳ್ಳುವುದಿಲ್ಲ. ಗಲ್ಲಾದಲ್ಲಿ ಬಿಲ್ ತಡವಾದರೆ ಮಾತ್ರ ಕಾಯಬೇಡಿ, ಎಂದಿನ ನಂಬರಿಗೆ ಕೂಡಲೇ ಫೋನ್ ಮಾಡಿ.

ಇತಿ,
ಬಿಲ್ಲಿಂಗ್ ಸರ್ವರ್ ವಿಭಾಗ
ದಾದರ್, ಮುಂಬಯಿ