ಮಗಳಿಗೊಂದು ಪತ್ರ: ಪೆಟ್ಟಿಗೆಯಲ್ಲಿ ಬಂದ ಸೈಕಲ್ಲು

ಅರಸೀಕೆರೆ
ಭಾನುವಾರ ಸಂಜೆ

ಪುಟ್ಟೀ,

ನೀನು ಕಳಿಸಿದ ಫೋಟೋ ನೋಡಿದೆ. ರೂಮಿನ ತುಂಬ ರಟ್ಟು, ಥರ್ಮಾಕೋಲು. ಗೋಡೆಗೆ ಒರಗಿಸಿದ ಸೈಕಲ್ಲಿಗೆ ಇನ್ನೂ ಮುಂದಿನ ಚಕ್ರ ಇಲ್ಲ. "85 ಪರ್ಸೆಂಟ್ ಫಿಟ್ ಆಗೇ ಬಂದಿದೆ ಅಮ್ಮ, ಉಳಿದದ್ದು ಅರ್ಧ ಗಂಟೆ ಕೆಲಸ, ಆಮೇಲೆ ಚಾಮುಂಡಿ ಬೆಟ್ಟಕ್ಕೆ" ಎಂದು ಬರೆದಿದ್ದೀಯ. ಆ ಉಳಿದ 15ರಲ್ಲಿ ಏನೇನಿದೆ ನೋಡಿದೆಯಾ? ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು. ನಿನ್ನ ಕೈ, ಕಾಲು, ಕೂರುವ ಜಾಗ ಎಲ್ಲ ಅದರಲ್ಲೇ ಬಂತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ತಾತನ ಅಂಗಡಿಗೂ ಸೈಕಲ್ಲು ಬಿಡಿಬಿಡಿಯಾಗಿಯೇ ಬರುತ್ತಿತ್ತು. ಫ್ರೇಮು ಬೇರೆ, ಚಕ್ರ ಬೇರೆ, ಸೀಟು ಬೇರೆ. ಒಂದು ಸೈಕಲ್ ಫಿಟ್ ಮಾಡಲು ತಾತನಿಗೆ ಅರ್ಧ ದಿನ ಬೇಕಾಗುತ್ತಿತ್ತು. ಆಮೇಲೆ ತಾವೇ ಅದನ್ನು ಹತ್ತಿ ರೈಲ್ವೆ ಸ್ಟೇಷನ್ ತನಕ ಹೋಗಿ ಬರುತ್ತಿದ್ದರು. ಬಂದು ಮತ್ತೆ ಸ್ಪ್ಯಾನರ್ ಹಿಡಿಯುತ್ತಿದ್ದರು. ಕೊಂಡವರು ಬೆಂಚಿನ ಮೇಲೆ ಕೂತು ಚಡಪಡಿಸುತ್ತಿದ್ದರು. ನಿನ್ನ ಪೆಟ್ಟಿಗೆ ಮಾತ್ರ ಗೋಡೌನಿನಿಂದ ನೇರ ನಿನ್ನ ಬಾಗಿಲಿಗೆ ಬಂದಿದೆ. ನಡುವೆ ಸ್ಟೇಷನ್ ತನಕ ಓಡಿಸಿ ನೋಡಿದವರು ಯಾರೂ ಇಲ್ಲ. ಆ ಕೆಲಸ ಈಗ ನಿನ್ನದು.

ಮೊದಲು ಫೋಟೋದಲ್ಲಿ ಕಂಡ ತಪ್ಪು ಹೇಳಿಬಿಡುತ್ತೇನೆ. ನಿನ್ನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲು, ಹಿಂದುಮುಂದಾಗಿದೆ! ಪೆಟ್ಟಿಗೆಯಲ್ಲಿ ಹಿಡಿಸಲಿ ಎಂದು ಹಾಗೆ ತಿರುಗಿಸಿರುತ್ತಾರೆ. ಬಹಳ ಜನ ಅದನ್ನು ಗಮನಿಸದೆ ಹ್ಯಾಂಡಲ್ ಕೂರಿಸಿ ಓಡಿಸಿಯೂ ಬಿಡುತ್ತಾರೆ. ನೀನು ಸೀಟಿನ ಮೇಲೆ ಕೂತಾಗ ಮುಂದಿನ ಬ್ರೇಕಿನ ತಟ್ಟೆ ಅಂದರೆ ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರ್ ಎರಡೂ ಎಡಗಡೆ ಇರಬೇಕು. ಈಗ ಕ್ಯಾಲಿಪರ್ ಬಲಗಡೆ ಇದೆ. ಫೋರ್ಕ್ ತಿರುಗಿಸಿ, ಬ್ರೇಕಿನ ಕೇಬಲ್ ಕುತ್ತಿಗೆಗೆ ಸುತ್ತಿಕೊಂಡಿಲ್ಲ ಎಂದು ನೋಡಿ, ಆಮೇಲೆ ಹ್ಯಾಂಡಲ್ ಹಾಕು.

ಹ್ಯಾಂಡಲ್ ಹಿಡಿಯುವ ಸ್ಟೆಮ್ಮಿನ ಮುಂದೆ ನಾಲ್ಕು ಬೋಲ್ಟು ಇವೆ. ಒಂದನ್ನೇ ಪೂರ್ತಿ ಬಿಗಿ ಮಾಡಬೇಡ. ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ. ಪಕ್ಕದಲ್ಲಿ "5 ಎನ್‌ಎಂ" ಎಂದು ಸಣ್ಣಗೆ ಕೆತ್ತಿರಬಹುದು, ಅದು 5 ನ್ಯೂಟನ್ ಮೀಟರ್. ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದವಳು ನಾನು, ನಿನಗೆ ಅಡುಗೆಮನೆ ಲೆಕ್ಕದಲ್ಲಿ ಹೇಳುತ್ತೇನೆ. 10 ಸೆಂಟಿಮೀಟರ್ ಉದ್ದದ ಎಲ್ ಕೀ ತುದಿಗೆ 5 ಕೆಜಿ ಅಕ್ಕಿ ಚೀಲ ನೇತುಹಾಕಿದರೆ ಎಷ್ಟು ಜಗ್ಗುತ್ತದೋ ಅಷ್ಟು. ಜಿಮ್ಮಿಗೆ ಹೋಗುವ ನಿನ್ನ ತೋಳಿನ ಪೂರ್ತಿ ಶಕ್ತಿ ಅಲ್ಲಿ ಬೇಡ.

ಸ್ಟೆಮ್ಮಿನ ತಲೆಯ ಮೇಲಿನ ಬೋಲ್ಟು ಹ್ಯಾಂಡಲನ್ನು ಹಿಡಿಯುವುದಕ್ಕೆ ಇರುವುದಲ್ಲ. ಒಳಗಿನ ಬೇರಿಂಗಿನ ಆಟ ತೆಗೆಯುವುದಷ್ಟೇ ಅದರ ಕೆಲಸ. ಮೊದಲು ಅದು, ಆಮೇಲೆ ಪಕ್ಕದ ಎರಡು ಬೋಲ್ಟು. ಚಕ್ರ ಹಾಕಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸು. ಕುತ್ತಿಗೆಯಲ್ಲಿ ಟಕ್ ಟಕ್ ಎಂದರೆ ಲೂಸು. ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿ ನೋಡು. ಜಾರಿದರೆ ಅದೂ ಲೂಸು.

ಈಗ ಪೆಡಲ್ ವಿಷಯ. ಅಟ್ಟದ ಮೊಳೆಗೆ ನೇತುಹಾಕಿರುವ ತುಕ್ಕು ಹಿಡಿದ ಕ್ರ್ಯಾಂಕ್, ಪೆಡಲ್ ಕೂರಿಸುವ ಆ ತೋಳು, ನೋಡಿದ್ದೀಯಲ್ಲ? "ಇದನ್ನು ಯಾಕೆ ಇಟ್ಟುಕೊಂಡಿದ್ದೀಯ, ಗುಜರಿಗೆ ಹಾಕು" ಎಂದು ಪ್ರತಿ ದೀಪಾವಳಿಗೆ ಹೇಳುತ್ತೀಯ. ಅದು ನಾನು ಹಾಳು ಮಾಡಿದ್ದು. ಆಗ ನನಗೆ ಹದಿನಾಲ್ಕು. ಅಪ್ಪ ಊಟಕ್ಕೆ ಹೋಗಿದ್ದರು. ಬಂದವರ ಮುಂದೆ ನನ್ನ ಪ್ರತಾಪ ತೋರಿಸಬೇಕಿತ್ತು. ಎಡಗಡೆಯ ಪೆಡಲನ್ನು ಎಲ್ಲ ನಟ್ಟಿನ ಹಾಗೆ ಬಲಕ್ಕೆ ತಿರುಗಿಸಿದೆ. ಕೂರಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಒತ್ತಿದೆ. ಕೂತಿತು, ಥ್ರೆಡ್ ಪೂರ್ತಿ ಕಿತ್ತುಕೊಂಡು. ಅಪ್ಪ ಬಂದು ನೋಡಿದರು, ಬೈಯಲಿಲ್ಲ. ಹೊಸ ಕ್ರ್ಯಾಂಕ್ ಹಾಕಿದರು. ಹಳೆಯದನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಗಲ್ಲಾಪೆಟ್ಟಿಗೆ ಮೇಲೆ ನೇತುಹಾಕಿದರು. ಅಂಗಡಿ ಮುಚ್ಚುವವರೆಗೂ ಅದು ಅಲ್ಲೇ ಇತ್ತು.

ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ. ಯಾಕೆ ಗೊತ್ತಾ? ದೊಡ್ಡ ಪಾತ್ರೆಯೊಳಗೆ ಒಂದು ಲೋಟ ಇಟ್ಟು, ಪಾತ್ರೆಯ ಗೋಡೆಗೆ ಒತ್ತಿಕೊಂಡು ಒಂದು ಸುತ್ತು ಉರುಳಿಸು. ಲೋಟ ಪಾತ್ರೆಯ ಸುತ್ತ ಒಂದು ದಿಕ್ಕಿಗೆ ಹೋದರೆ, ತನ್ನಷ್ಟಕ್ಕೆ ತಾನು ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಕ್ರ್ಯಾಂಕಿನ ತೂತಿನೊಳಗೆ ಪೆಡಲಿನ ಕಡ್ಡಿಗೂ ಹಾಗೇ ಆಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಎರಡೂ ಕಡೆ ಒಂದೇ ಥ್ರೆಡ್ ಇದ್ದರೆ ಎಡಗಡೆಯದು ತುಳಿಯುತ್ತಾ ತುಳಿಯುತ್ತಾ ಬಿಚ್ಚಿಕೊಳ್ಳುತ್ತದೆ. ವಿಮಾನ ಹಾರಿಸುವ ಮುಂಚೆ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರಿಗೂ ಇದು ಗೊತ್ತಿತ್ತು. ಪೆಡಲಿನ ಮೇಲೆ ಎಲ್, ಆರ್ ಅಕ್ಷರ ಇರುತ್ತದೆ, ನೋಡು. ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಹಚ್ಚು. ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಎರಡೂ ಪೆಡಲನ್ನು ಮುಂದಿನ ಚಕ್ರದ ದಿಕ್ಕಿಗೆ ತಿರುಗಿಸಿದರೆ ಬಿಗಿ. ಇಲ್ಲಿ ಮಾತ್ರ ನಿನ್ನ ಜಿಮ್ಮಿನ ಶಕ್ತಿ ಬಳಸಬಹುದು.

ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್ ಇದೆ. ಅದು ನಟ್ಟಿನ ಹಾಗೆ ಸುತ್ತಿ ಬಿಗಿ ಮಾಡುವ ಲಿವರ್ ಅಲ್ಲ, ಮಡಚಿ ಮುಚ್ಚುವುದು. ಅರ್ಧ ಮಡಚುವಾಗಲೇ ಬಿಗಿ ಗೊತ್ತಾಗಬೇಕು, ಮುಚ್ಚಿದಾಗ ಅಂಗೈ ಮೇಲೆ ಗುರುತು ಬೀಳಬೇಕು. 2015ರಲ್ಲಿ ಅಮೆರಿಕದಲ್ಲಿ ಟ್ರೆಕ್ ಕಂಪನಿ ಸುಮಾರು 9 ಲಕ್ಷ ಸೈಕಲ್ಲುಗಳನ್ನು ಈ ಒಂದು ಲಿವರಿಗಾಗಿ ರಿಪೇರಿಗೆ ವಾಪಸ್ ಕರೆಯಿತು. ಸರಿಯಾಗಿ ಮುಚ್ಚದೆ ಬಿಟ್ಟರೆ ಅದು ಹಿಂದಕ್ಕೆ ಬಾಗಿ ತಿರುಗುವ ಡಿಸ್ಕಿಗೆ ಸಿಕ್ಕಿಕೊಳ್ಳುತ್ತಿತ್ತು. ನಿನ್ನದನ್ನು ಪೂರ್ತಿ ತೆರೆದು ನೋಡು. ಲಿವರಿಗೂ ಡಿಸ್ಕಿಗೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ ಇಲ್ಲದಿದ್ದರೆ ಅದನ್ನು ಬದಲಾಯಿಸು.

ಸೀಟಿನ ಕಂಬದ ಮೇಲೆ ಒಂದು ಗೆರೆ ಇದೆ, ಅದು ಹೊರಗೆ ಕಾಣಬಾರದು. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರ ಆದರೆ ಎತ್ತರ ಸರಿ.

ಬ್ರೇಕು ಯಾವ ಕೈಗೆ ಯಾವುದು ಎಂದು ನೋಡಿಕೊಳ್ಳಲೇಬೇಕು. ನಿನ್ನ ಆಕ್ಟಿವಾದಲ್ಲಿ ಬಲಗೈ ಮುಂದಿನದು, ಎಡಗೈ ಹಿಡಿದರೆ ಎರಡೂ ಚಕ್ರಕ್ಕೆ ಹಂಚಿಕೊಳ್ಳುತ್ತದೆ. ನಿನ್ನ ಕೈಗೆ ಅದೇ ಅಭ್ಯಾಸ. ಕೆಲವು ಸೈಕಲ್ಲುಗಳಲ್ಲಿ ಎಡಗೈಗೆ ಮುಂದಿನ ಬ್ರೇಕು ಕೊಟ್ಟಿರುತ್ತಾರೆ. ಗಾಬರಿಯಲ್ಲಿ ಎಡಗೈ ಗಟ್ಟಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀಯ. ಹಾಗಿದ್ದರೆ ಅದಲು ಬದಲು ಮಾಡಿಸಿಕೊ, ಸುಮ್ನೆ ರೂಢಿ ಆಗುತ್ತೆ ಅನ್ನಬೇಡ. ಡಿಸ್ಕಿಗೆ ಎಣ್ಣೆ ಕೈ ತಾಗಿಸಬಾರದು. ಹೊಸ ಪ್ಯಾಡು ಮೊದಲ ದಿನ ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ನಿಧಾನ ಮಾಡಿ, ಇಪ್ಪತ್ತು ಸಲ ಹಾಗೆ ಮಾಡು. ಆಮೇಲೆ ಬೆಟ್ಟ.

ಚಾಮುಂಡಿ ಬೆಟ್ಟ ಎಂದ ಕೂಡಲೇ ನನಗೆ ಹತ್ತುವ ಚಿಂತೆ ಇಲ್ಲ, ಸುಸ್ತಾದರೆ ಇಳಿದು ತಳ್ಳುತ್ತೀಯ. ಇಳಿಯುವುದೇ ಕಷ್ಟ. ಮೈಸೂರಿನಿಂದ ಮೇಲಕ್ಕೆ ಸುಮಾರು 300 ಮೀಟರ್. ನೀನು, ಸೈಕಲ್ಲು ಸೇರಿ 80 ಕೆಜಿ ಅಂದುಕೋ. ಪೂರ್ತಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಹುಟ್ಟುವ ಶಾಖದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ನೀರು ಕುದಿಯುತ್ತದೆ. ಅಷ್ಟೂ ಆ ಎರಡು ತೆಳು ತಟ್ಟೆಗಳ ಮೇಲೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುವ ಪಂದ್ಯ ಶುರು ಮಾಡಿದರು. ನಿನ್ನ ಮೌಂಟನ್ ಬೈಕಿನ ವಂಶ ಅಲ್ಲಿಂದ ಬೆಳೆದದ್ದು. ಆಗಿನ ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್‌ನೊಳಗೆ ಇರುತ್ತಿತ್ತು. ಒಂದು ಸಲ ಇಳಿದರೆ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಆ ದಾರಿಗೆ "ರೀಪ್ಯಾಕ್" ಎಂದೇ ಹೆಸರು ಬಿತ್ತು. ತಾತನಿಗೆ ಈ ಕತೆ ಹೇಳಿದ್ದರೆ, "ಇಳಿಯುವ ಮುಂಚೆ ತುಂಬಿಕೊಳ್ಳೋದಲ್ವಾ" ಎನ್ನುತ್ತಿದ್ದರು.

ಅದಕ್ಕೇ ಬಿಟ್ಟು ಬಿಟ್ಟು ಹಿಡಿ. ತಿರುವಿಗೆ ಮುಂಚೆ ವೇಗ ಇಳಿಸು, ತಿರುವಿನೊಳಗೆ ಬ್ರೇಕ್ ಒತ್ತಬೇಡ. ಎರಡೂ ಬ್ರೇಕ್ ಸೇರಿಸಿ ಹಿಡಿ, ಮೈ ಸ್ವಲ್ಪ ಹಿಂದಕ್ಕೆ. ಕೆಳಗೆ ಬಂದು ಡಿಸ್ಕು ಮುಟ್ಟಿ ನೋಡಬೇಡ, ಬೆರಳು ಸುಡುತ್ತದೆ. ಬಸ್ಸಿನ ಹಿಂದೆಯೇ ಇಳಿಯಬೇಡ. ದಪ್ಪ ಟೈರ್ ಇದೆ ಅಂತ ರಸ್ತೆ ಬಿಟ್ಟು ಕಾಡಿಗೆ ಇಳಿಸಬೇಡ, ಅದು ಕಾಯ್ದಿಟ್ಟ ಅರಣ್ಯ, ಚಿರತೆಯೂ ಇದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಣೆ ಕಾಣಲಿ ಎಂದು ಹಿಂದಕ್ಕೆ ತಳ್ಳುವ ಸ್ಟೈಲ್ ಬೇಡ.

ಚೈನಿಗೆ ಕೊಬ್ಬರಿ ಎಣ್ಣೆ ಹಾಕಿದವರನ್ನು ಎಷ್ಟೋ ನೋಡಿದ್ದೇನೆ. ಒಂದು ವಾರದಲ್ಲಿ ಧೂಳು ಕೂತು ಅರೆಯುವ ಕಲ್ಲಿನ ಹಾಗೆ ಆಗುತ್ತದೆ. ಸೈಕಲ್ ಚೈನಿನದೇ ಎಣ್ಣೆ ತಗೋ. ಪ್ರತಿ ಕೊಂಡಿಗೆ ಒಂದು ಹನಿ, ಐದು ನಿಮಿಷ ಬಿಟ್ಟು ಹಳೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸು. ಮಳೆಯಲ್ಲಿ ನೆನೆದ ದಿನ ಅವತ್ತೇ ಮಾಡು. ಎರಡು ಮೂರು ತಿಂಗಳಿಗೊಮ್ಮೆ ಸ್ಕೂಲಿನ ಸ್ಕೇಲು ಇಟ್ಟು ಅಳೆ. ಹೊಸ ಚೈನಿನಲ್ಲಿ ಒಂದು ಪಿನ್ನನ್ನು ಸೊನ್ನೆಯಲ್ಲಿಟ್ಟು, ಅದನ್ನು ಬಿಟ್ಟು ಎಣಿಸಿದರೆ 24ನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸು. ಎಂಟನೇ ಒಂದು ಭಾಗ ಹೋಗುವ ತನಕ ಕಾದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಖರ್ಚು ಜಾಸ್ತಿ. ಗೇರಿನ ಕೇಬಲ್ ಮೊದಲ ತಿಂಗಳು ಸ್ವಲ್ಪ ಸಡಿಲ ಆಗೇ ಆಗುತ್ತದೆ, ಆಗ ಒಮ್ಮೆ ಅಂಗಡಿಗೆ ಒಯ್ಯಿ. ನಾಚಿಕೆ ಏನೂ ಇಲ್ಲ.

ಗಾಳಿ ಎಷ್ಟು ಎಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಓದು.

ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ತಾತನ 15ರ ಸ್ಪ್ಯಾನರ್ ಇದೆ, ಪೆಡಲಿಗೆ ಅದೇ ಬೇಕು. ಒಂದು ಸ್ಟೀಲ್ ಡಬ್ಬದಲ್ಲಿ ಹುರಿಗಡಲೆ ಚಟ್ನಿಪುಡಿ, ಅಂಥದ್ದೇ ಇನ್ನೊಂದರಲ್ಲಿ ಗ್ರೀಸು. ಬೇರೆ ಡಬ್ಬ ಸಿಗಲಿಲ್ಲ. ದಾರ ಕಟ್ಟಿರುವುದು ಗ್ರೀಸಿನದು. ಅದು ಬರುವ ತನಕ ಪೆಡಲ್ ಮುಟ್ಟಬೇಡ. ಫೋರ್ಕ್ ತಿರುಗಿಸಿ ಮತ್ತೊಂದು ಫೋಟೋ ಹಾಕು, ಎಡಗಡೆಯಿಂದ ತೆಗೆದದ್ದು.

ನಿನ್ನ
ಅಮ್ಮ