ನೊಂಗ್ರಿಯಾಟ್‌ಗೆ ಇಳಿಯುವವರು ಹೊತ್ತು ನೋಡಿ ಇಳಿಯಲಿ

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ರಜೆ ಬಂತೆಂದರೆ ಮೇಘಾಲಯಕ್ಕೆ ಹೊರಡುವ ಕನ್ನಡಿಗರು ಈಚೆಗೆ ಬಹಳ. ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಅಲ್ಲಿನ, ಮರದ ಜೀವಂತ ಬೇರುಗಳನ್ನೇ ಹೆಣೆದು ಬೆಳೆಸಿದ ಬೇರುಸೇತುವೆಗಳ ಚಿತ್ರವೂ ಆಗಾಗ ಬರುತ್ತದೆ. ಆದರೆ ಎರಡಂತಸ್ತಿನ ಬೇರುಸೇತುವೆ ಇರುವ ನೊಂಗ್ರಿಯಾಟ್‌ನ ದಾರಿಯ ಬಗ್ಗೆ ‘ಸುಮಾರು ಮೂರೂವರೆ ಸಾವಿರ ಮೆಟ್ಟಿಲು ಇಳಿಯಬೇಕು’ ಎಂದಷ್ಟೇ ಬರೆದು ಬಿಡುತ್ತಾರೆ. ರಾತ್ರಿ ಕೆಳಗೆ ಉಳಿಯದಿದ್ದರೆ ಅಷ್ಟನ್ನೂ ಅದೇ ದಿನ ಹತ್ತಿ ಬರಬೇಕು, ಅದೂ ಬೆಳಕಿರುವಾಗಲೇ ಎಂಬುದನ್ನು ಯಾರೂ ಬರೆಯುವುದಿಲ್ಲ. ಅಲ್ಲಿ ಜನ ಕಷ್ಟಕ್ಕೆ ಸಿಕ್ಕುವುದು ಬಹುಪಾಲು ಇದೇ ಕಾರಣಕ್ಕೆ.

ಕುಮಾರ ಪರ್ವತವಾಗಲಿ, ಮುಳ್ಳಯ್ಯನಗಿರಿಯಾಗಲಿ, ನಮ್ಮ ಕಡೆಯ ಚಾರಣದಲ್ಲಿ ಮೊದಲು ಏರು, ಆಮೇಲೆ ಇಳಿಜಾರು. ಸುಸ್ತಾದವರು ಅರ್ಧಕ್ಕೇ ತಿರುಗಿದರೂ ಮುಂದೆ ಇಳಿಯುವುದಷ್ಟೇ ಬಾಕಿ. ನೊಂಗ್ರಿಯಾಟ್‌ನಲ್ಲಿ ಎಲ್ಲ ತಿರುವುಮುರುವು. ರಸ್ತೆ ಮುಗಿಯುವ ಟಿರ್ನಾ ಊರು ಮೇಲೆ, ಹೊಳೆ ಕೆಳಗೆ. ಮೈಯಲ್ಲಿ ಹುರುಪಿರುವಾಗ ಇಳಿದುಬಿಡುತ್ತೇವೆ, ಕಾಲು ನಡುಗತೊಡಗಿದ ಮೇಲೆ ಹತ್ತಬೇಕಾಗುತ್ತದೆ. ಆಗ ಮನಸ್ಸು ಬದಲಿಸಿ ಪ್ರಯೋಜನವಿಲ್ಲ. ವಾಹನ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಟಿರ್ನಾದ ಮೊದಲ ಮೆಟ್ಟಿಲಿನ ಮೇಲೆ ನಿಂತಾಗಲೇ ಆಗಬೇಕು.

ಮೊದಲು ಹೊತ್ತಿನ ವಿಚಾರ. ಮೇಘಾಲಯ ದೇಶದ ಪೂರ್ವದ ಅಂಚಿನಲ್ಲಿದೆ, ಗಡಿಯಾರ ಮಾತ್ರ ನಮ್ಮದೇ. ನವೆಂಬರ್ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಹತ್ತು ನಿಮಿಷ ಇರುವಾಗ, ಅಲ್ಲಿ ನಾಲ್ಕೂವರೆಗೇ. ಇಕ್ಕೆಲದಲ್ಲೂ ಗುಡ್ಡ ನಿಂತ ಕಣಿವೆಯಲ್ಲಿ ಬಿಸಿಲು ಅದಕ್ಕೂ ಮೊದಲೇ ಹೋಗುತ್ತದೆ. ‘ಮಧ್ಯಾಹ್ನ ಊಟ ಮುಗಿಸಿ ಇಳಿದು ಸಂಜೆ ಆರರ ಹೊತ್ತಿಗೆ ಮೇಲೆ ಬಂದರಾಯಿತು’ ಎಂಬ ನಮ್ಮೂರಿನ ಲೆಕ್ಕ ಅಲ್ಲಿ ಕತ್ತಲಲ್ಲಿ ಮೆಟ್ಟಿಲು ತಡಕುವಲ್ಲಿಗೆ ಮುಟ್ಟುತ್ತದೆ.

ಸೇತುವೆಯವರೆಗಿನ ದಾರಿ ಸುಮಾರು ಮೂರು ಕಿ.ಮೀ. ಅಷ್ಟೇ. ಇಳಿಯಲು ಒಂದೂವರೆಯಿಂದ ಎರಡು ಗಂಟೆ ಸಾಕು, ಹತ್ತಲು ಎರಡರಿಂದ ಮೂರು ಗಂಟೆ ಬೇಕು. ಬೆಳಿಗ್ಗೆ ಆರೂವರೆಗೆ ಇಳಿಯತೊಡಗಿದರೆ ಎಂಟೂವರೆಗೆ ಸೇತುವೆ. ಅಲ್ಲಿಂದಾಚೆ ರೇನ್‌ಬೋ ಜಲಪಾತಕ್ಕೆ ಹೋಗಲು ಒಂದು–ಒಂದೂವರೆ ಗಂಟೆ, ಬರಲು ಅಷ್ಟೇ. ಆ ದಾರಿ ಮೆಟ್ಟಿಲಿನ ದಾರಿಗಿಂತ ಒರಟು, ಏರಿಳಿತವೂ ಹೆಚ್ಚು. ಅಲ್ಲಿಗೂ ಹೋಗುವವರು ಜಲಪಾತದ ಬಳಿಯಿಂದ ಹನ್ನೊಂದಕ್ಕೆ ಹೊರಟು, ಊರಿನಲ್ಲಿ ಏನಾದರೂ ತಿಂದು, ಒಂದು ಗಂಟೆಯೊಳಗೆ ಮೆಟ್ಟಿಲು ಹತ್ತಲು ಶುರು ಮಾಡಬೇಕು. ಒಂಬತ್ತಾದ ಮೇಲೆ ಟಿರ್ನಾ ಮುಟ್ಟಿದವರು ಜಲಪಾತದ ಆಸೆ ಬಿಟ್ಟು ಸೇತುವೆಯಿಂದಲೇ ತಿರುಗುವುದು ಒಳ್ಳೆಯದು. ಎರಡನ್ನೂ ನಿಧಾನವಾಗಿ ನೋಡಬೇಕೆಂದರೆ ನೊಂಗ್ರಿಯಾಟ್‌ನಲ್ಲಿಯೇ ಒಂದು ರಾತ್ರಿ ಉಳಿಯಬೇಕು. ಊರಿನ ಮನೆಗಳಲ್ಲಿ ಸರಳ ಕೋಣೆ, ಊಟ ಸಿಗುತ್ತದೆ. ನಮ್ಮ ಸಲಹೆಯೂ ಇದೇ: ಒಂದು ದಿನ ಇಳಿದು, ಮರುದಿನ ಬೆಳಿಗ್ಗೆ ತಂಪಿನಲ್ಲಿ ಹತ್ತುವುದು.

ಶಿಲ್ಲಾಂಗ್‌ನಿಂದ ಸೊಹ್ರಾಕ್ಕೆ, ಅಂದರೆ ಚಿರಾಪುಂಜಿಗೆ, 54 ಕಿ.ಮೀ. ಗುಡ್ಡದ ರಸ್ತೆಯಾದ್ದರಿಂದ ಎರಡು ಗಂಟೆ ಹಿಡಿಯುತ್ತದೆ. ಅಲ್ಲಿಂದ ಟಿರ್ನಾಕ್ಕೆ ಮತ್ತೆ ಅರ್ಧ ಗಂಟೆಗೂ ಮಿಕ್ಕಿ. ಶಿಲ್ಲಾಂಗ್‌ನಲ್ಲಿ ತಿಂಡಿ ಮುಗಿಸಿ ಹೊರಟವರು ಹನ್ನೊಂದರ ಒಳಗೆ ಇಳಿಯತೊಡಗುವುದು ಅಪರೂಪ. ಹಿಂದಿನ ರಾತ್ರಿ ಸೊಹ್ರಾ ಅಥವಾ ಟಿರ್ನಾದಲ್ಲಿ ತಂಗದೆ ಈ ಚಾರಣ ಸರಿಹೋಗುವುದಿಲ್ಲ. ಕೆಲವು ಪ್ರವಾಸ ಸಂಸ್ಥೆಗಳು ಒಂದೇ ದಿನಕ್ಕೆ ನೊಹ್ಕಾಲಿಕಾಯ್ ಜಲಪಾತ, ಮಾಸ್ಮಾಯ್ ಗುಹೆ, ಬೇರುಸೇತುವೆ ಮೂರನ್ನೂ ಸೇರಿಸಿ ವೇಳಾಪಟ್ಟಿ ಕೊಡುತ್ತವೆ. ಅಂಥ ಪಟ್ಟಿ ಕಂಡರೆ ಹಣ ಕಟ್ಟುವ ಮೊದಲೇ ಕೇಳಿ: ಎಷ್ಟು ಗಂಟೆಗೆ ಇಳಿಸುತ್ತೀರಿ, ಎಷ್ಟು ಗಂಟೆಗೆ ಮೇಲೆ ತರುತ್ತೀರಿ? ನಿಮ್ಮ ಪತ್ರಿಕೆಯೂ ಈ ಸ್ಥಳದ ಬಗ್ಗೆ ಬರೆಯುವಾಗ ಇಳಿಯತೊಡಗುವ ಹೊತ್ತು, ವಾಪಸ್ ಹೊರಡಬೇಕಾದ ಹೊತ್ತು, ಆ ತಿಂಗಳ ಸೂರ್ಯಾಸ್ತ ಇವನ್ನು ಒಂದು ಚೌಕಟ್ಟಿನಲ್ಲಿ ಹಾಕಬೇಕೆಂದು ಕೋರುತ್ತೇವೆ.

ಇನ್ನು ಕಾಲಿನ ಮಾತು. ಹತ್ತುವುದು ದಮ್ಮು ಕೆಡಿಸುತ್ತದೆ, ಇಳಿಯುವುದು ಮಂಡಿ ಕೆಡಿಸುತ್ತದೆ. ಮೆಟ್ಟಿಲು ಇಳಿಯುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಆ ಭಾರವನ್ನು ತಡೆಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಇದರಿಂದ ಸೂಕ್ಷ್ಮವಾಗಿ ಹರಿಯುತ್ತವೆ; ನೋವು ಕಾಣಿಸುವುದು ಮರುದಿನ, ಮೂರನೆಯ ದಿನ. ಇದಕ್ಕೆ ಒಳ್ಳೆಯ ಉಪಾಯವೊಂದಿದೆ. ಹೊರಡುವ ಹತ್ತು–ಹದಿನೈದು ದಿನ ಮೊದಲು ಒಮ್ಮೆ ಚೆನ್ನಾಗಿ ಮೆಟ್ಟಿಲು ಇಳಿದಿದ್ದರೆ ಸ್ನಾಯು ಅದಕ್ಕೆ ಒಗ್ಗಿಕೊಂಡು, ಎರಡನೆಯ ಸಲ ನೋವು ಬಹಳ ಕಡಿಮೆಯಾಗುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಬಸ್ಸಿನಲ್ಲಿ ಮೇಲೆ ಹೋಗಿ, ಮೊದಲು ಇಳಿದು ಆಮೇಲೆ ಹತ್ತಿ. ಎರಡು ಸುತ್ತು ನಿಲ್ಲದೆ ಮಾಡಲಾಗದವರು ನೊಂಗ್ರಿಯಾಟ್‌ಗೆ ಇನ್ನೂ ತಯಾರಿಲ್ಲ ಎಂದೇ ನಮ್ಮ ಅಭಿಪ್ರಾಯ.

ಇಳಿಯುವಾಗ ಧುಮುಕಬಾರದು. ಮಂಡಿ ತುಸು ಬಗ್ಗಿಸಿ, ಪಾದವನ್ನು ಪೂರ್ತಿ ಊರಿ ಇಳಿಯಬೇಕು. ಮೆಟ್ಟಿಲು ಕಿರಿದಿದ್ದಲ್ಲಿ ಪಾದ ಓರೆ ಇಟ್ಟರೆ ಹಿಮ್ಮಡಿಗೂ ಜಾಗ ಸಿಗುತ್ತದೆ. ಟಿರ್ನಾದಲ್ಲಿ ಬಿದಿರಿನ ಊರುಗೋಲು ಸಿಗುತ್ತದೆ. ಗಟ್ಟಿಮುಟ್ಟಾದವರೂ ಒಂದು ಕೊಂಡುಕೊಳ್ಳಲಿ. ಕೋಲನ್ನು ಒಂದು ಮೆಟ್ಟಿಲು ಕೆಳಗೆ ಮೊದಲು ಊರಿ, ಅದರ ಮೇಲೆ ಭಾರ ಹಾಕಿ, ಆಮೇಲೆ ಕಾಲು ಇಳಿಸಬೇಕು. ಶೂ ಸಡಿಲವಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮೊದಲೇ ಉಗುರು ಕತ್ತರಿಸಿ, ಕಣಕಾಲಿನ ಬಳಿ ಲೇಸು ಬಿಗಿಯಾಗಿ ಕಟ್ಟಿ.

ಮೆಟ್ಟಿಲುಗಳು ಸಿಮೆಂಟಿನವು, ಆದರೆ ಮರಗಳ ನೆರಳಿನಲ್ಲಿರುವವು ಅಕ್ಟೋಬರ್ ಪೂರ್ತಿ ಪಾಚಿಗಟ್ಟಿರುತ್ತವೆ. ಅಲ್ಲಿನ ಮಳೆಯನ್ನು ಕಡಿಮೆಯೆಂದು ಎಣಿಸಬಾರದು. ನಮ್ಮ ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆಯಾದರೆ, ಸೊಹ್ರಾದ ಸರಾಸರಿ ಹನ್ನೊಂದು ಸಾವಿರ ಮಿ.ಮೀ. ದಾಟುತ್ತದೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ ಅಲ್ಲಿ ಬಿದ್ದ 26,461 ಮಿ.ಮೀ. ಇಂದಿಗೂ ಹನ್ನೆರಡು ತಿಂಗಳ ವಿಶ್ವದಾಖಲೆ. ಅಕ್ಟೋಬರ್ ಮೊದಲ ಎರಡು ವಾರ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಆದ್ದರಿಂದ ದಸರೆಗಿಂತ ದೀಪಾವಳಿಯ ಆಚೀಚೆ ಹೋಗುವುದು ಮೇಲು. ಆಗ ನೀರು ತಿಳಿಯಾಗಿ ನೀಲಿ ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ಉಂಬಳದ (ಜಿಗಣೆಯ) ಕಾಟವೂ ಇಳಿದಿರುತ್ತದೆ.

ಹೊಳೆಯಲ್ಲಿ ಈಜಬೇಕೆನ್ನುವವರು ಒಂದು ಸಂಗತಿ ತಿಳಿದಿರಬೇಕು. ಮೇಲಿನ ಬಯಲಿನಲ್ಲಿ ಮಳೆಯಾದರೆ ಆ ನೀರು ಕಡಿದಾದ ಕಣಿವೆಗಳಲ್ಲಿ ಕೆಳಕ್ಕೆ ನುಗ್ಗುತ್ತದೆ. ಕೆಳಗೆ ಬಿಸಿಲಿರುವಾಗಲೇ ಹೊಳೆ ಏರಬಹುದು. ತಿಳಿನೀರು ಕದಡಿದರೆ, ತರಗೆಲೆ, ಕಡ್ಡಿ ಕಸ ತೇಲಿ ಬರತೊಡಗಿದರೆ, ಸದ್ದು ದಪ್ಪವಾದರೆ ಆ ಕ್ಷಣವೇ ದಡ ಹತ್ತಬೇಕು. ದಡದಲ್ಲಿಟ್ಟ ಬಟ್ಟೆ, ಚೀಲಕ್ಕೆಂದು ಬಂಡೆ ದಾಟಬಾರದು. ಜಲಪಾತ ನೇರ ಬೀಳುವ ಕಡೆ, ಎರಡು ಬಂಡೆಗಳ ನಡುವೆ ನೀರು ಕಿರಿದಾಗಿ ಹರಿಯುವ ಕಡೆ ಇಳಿಯಲೇಬಾರದು. ಎಲ್ಲಿ ಇಳಿಯಬಹುದೆಂದು ಊರಿನವರನ್ನೇ ಕೇಳಿ. ಹೆಂಗಸರನ್ನು ‘ಕಾಂಗ್’ ಎಂದೂ ಗಂಡಸರನ್ನು ‘ಬಾಹ್’ ಎಂದೂ ಕರೆದು ಮಾತಾಡಿಸಿದರೆ ಸಂತೋಷದಿಂದ ಹೇಳುತ್ತಾರೆ. ಭಾನುವಾರ ಊರಿನವರು ಚರ್ಚಿಗೆ ಹೋಗುವುದರಿಂದ ಅಂಗಡಿ, ವಾಹನ ಎರಡೂ ಕಡಿಮೆ. ಆ ದಿನ ಬಿಟ್ಟು ಹೋಗಿ.

ದಾರಿಯಲ್ಲಿ ಹೊಳೆಗಳಿಗೆ ಕಟ್ಟಿದ ತಂತಿಯ ತೂಗುಸೇತುವೆಗಳಿವೆ. ಅವು ತೂಗುವುದು ಸಹಜ, ಹೆದರಬೇಕಿಲ್ಲ. ಆದರೆ ಗುಂಪು ಒಂದೇ ತಾಳದಲ್ಲಿ ಹೆಜ್ಜೆ ಹಾಕಿದರೆ ತೂಗಾಟ ಬೆಳೆಯುತ್ತದೆ. ಒಬ್ಬೊಬ್ಬರಾಗಿ ಅಂತರ ಬಿಟ್ಟು, ಎರಡೂ ಕೈಯಲ್ಲಿ ತಂತಿ ಹಿಡಿದು ದಾಟಿ. ಮೊಬೈಲ್ ಜೇಬಿನಲ್ಲಿರಲಿ.

ಬೇರುಸೇತುವೆಯ ವಿಷಯ ಬೇರೆ, ಅದು ಜೀವ ಇರುವ ಮರ. ನಮ್ಮ ಮಲೆನಾಡಿನಲ್ಲಿ ಹಳ್ಳಕ್ಕೆ ಹಾಕುವ ಅಡಿಕೆ ಮರದ ಸಂಕ (ಕಾಲುಸೇತುವೆ) ಕೆಲವೇ ಮಳೆಗಾಲಕ್ಕೆ ಕೊಳೆತುಹೋಗುತ್ತದೆ. ಅಲ್ಲಿನ ಮಳೆಗೆ ಬಿದಿರಿನ ಸೇತುವೆಯೂ ನಿಲ್ಲುವುದಿಲ್ಲ. ಅಲ್ಲಿನ ಖಾಸಿ ಬುಡಕಟ್ಟಿನ ಜನ ಇದಕ್ಕೆ ಕಂಡುಕೊಂಡ ದಾರಿ ನಿಜಕ್ಕೂ ದೊಡ್ಡದು. ಹೊಳೆಯ ದಂಡೆಯಲ್ಲಿ ರಬ್ಬರ್ ಅತ್ತಿಯ (ಫೈಕಸ್ ಇಲಾಸ್ಟಿಕಾ) ಗಿಡ ನೆಟ್ಟು, ಅದರ ಎಳೆಯ ಬೇರುಗಳನ್ನು ಬಿದಿರಿನ ಚೌಕಟ್ಟಿನ ಮೇಲೋ ಟೊಳ್ಳು ಮಾಡಿದ ಅಡಿಕೆ ಕಾಂಡದೊಳಗೋ ಆಚೆ ದಡಕ್ಕೆ ಹಾಯಿಸುತ್ತಾರೆ. ಬೇರು ಆಚೆ ನೆಲ ಹಿಡಿದ ಮೇಲೆ ದಪ್ಪವಾಗುತ್ತದೆ. ಒಂದಕ್ಕೊಂದು ಹೆಣೆದ ಬೇರುಗಳು ಬೆಸೆದುಕೊಳ್ಳುತ್ತವೆ. ಸಂದುಗಳಿಗೆ ಕಲ್ಲು ತುಂಬುತ್ತಾರೆ. ಓಡಾಡಲು ಯೋಗ್ಯವಾಗಲು ಹದಿನೈದು, ಇಪ್ಪತ್ತು ವರ್ಷ ಬೇಕು. ನೆಟ್ಟವರಿಗಿಂತ ಅವರ ಮಕ್ಕಳು ಮೊಮ್ಮಕ್ಕಳಿಗೇ ಅದರ ಪೂರ್ಣ ಉಪಯೋಗ. 2022ರಲ್ಲಿ ಈ ಸೇತುವೆಗಳ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಬೂಟುಗಾಲಿನಲ್ಲಿ ಕುಣಿದರೆ, ಎಳೆಬೇರು ಹಿಡಿದು ಜೋತಾಡಿದರೆ ತೊಗಟೆ ಸುಲಿಯುತ್ತದೆ, ಆ ಗಾಯದಿಂದ ಕೊಳೆ ಒಳಹೋಗುತ್ತದೆ. ಫೋಟೊಕ್ಕಾಗಿ ಇಪ್ಪತ್ತು ಮಂದಿ ನಡುವೆ ಸಾಲಾಗಿ ನಿಲ್ಲುವುದನ್ನು ದಯವಿಟ್ಟು ಬಿಡಬೇಕು. ದಡದಿಂದ ತೆಗೆದರೆ ಎರಡೂ ಅಂತಸ್ತು ಇನ್ನೂ ಚೆನ್ನಾಗಿ ಬರುತ್ತವೆ.

ಚೀಲದಲ್ಲಿ ಏನಿರಬೇಕು? ಒಬ್ಬರಿಗೆ ಎರಡು ಲೀಟರ್ ನೀರು, ಒಂದು ಲೀಟರಿಗೆ ಒಂದರಂತೆ ಎರಡು ಓಆರ್‌ಎಸ್ ಪೊಟ್ಟಣ, ಹಣೆಗೆ ಕಟ್ಟುವ ಟಾರ್ಚು, ಒಂದು ಜೊತೆ ಒಣ ಕಾಲುಚೀಲ, ಚಿಲ್ಲರೆ ನಗದು. ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಸೊಹ್ರಾ 1,300 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಬೆಳಿಗ್ಗೆ ಸ್ವೆಟರ್ ಬೇಕೆನಿಸುತ್ತದೆ, ಆದರೆ ಕಣಿವೆಯಲ್ಲಿ ನಮ್ಮ ಕರಾವಳಿಯಂತೆ ಸೆಕೆ. ಮೈ ಒದ್ದೆಯಾಗುವಷ್ಟು ಬೆವರು ಹರಿಯುತ್ತದೆ. ಬರೀ ನೀರು ಕುಡಿದು ಉಪ್ಪು ಮರೆತವರಿಗೆ ವಾಪಸ್ ಹತ್ತುವಾಗ ಮೀನಖಂಡ ಹಿಡಿದುಕೊಳ್ಳಬಹುದು. ದಾರಿಯ ಇಕ್ಕೆಲದಲ್ಲಿ ಅಡಿಕೆ ತೋಟಗಳಿವೆ, ಮನೆಗೆ ಬಂದವರಿಗೆ ಕವಳ (ಎಲೆ ಅಡಿಕೆ) ಕೊಡುವ ಪದ್ಧತಿ ಅಲ್ಲೂ ಇದೆ. ನಮ್ಮ ಒಣಗಿಸಿದ ಚಾಲಿ ಅಡಿಕೆಯ ರೂಢಿಯಿಂದ ಅದನ್ನು ಧೈರ್ಯವಾಗಿ ಬಾಯಿಗೆ ಹಾಕಬೇಡಿ. ಅಲ್ಲಿ ಬಳಸುವುದು ಹಸಿ ಅಡಿಕೆ. ಮೈ ಬಿಸಿಯೇರಿ ತಲೆ ತಿರುಗುತ್ತದೆ. ಹತ್ತಿ ಮುಗಿದ ಮೇಲೆ ತಿನ್ನಬಹುದು.

ಕೆಳಗಿನ ಊರಿಗೆ ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರು ಎಲ್ಲವೂ ಇದೇ ಮೆಟ್ಟಿಲುಗಳ ಮೇಲೆ, ಹಣೆಪಟ್ಟಿ ಕಟ್ಟಿದ ಬುಟ್ಟಿಯಲ್ಲಿ ಬೆನ್ನ ಮೇಲೆ ಹೋಗುತ್ತದೆ. ಹೊರೆ ಹೊತ್ತವರು ಎದುರಾದರೆ ಗುಡ್ಡದ ಬದಿಗೆ ಸರಿದು ದಾರಿ ಬಿಡಿ. ಒಯ್ದ ಬಾಟಲಿ, ತಿಂಡಿ ಪೊಟ್ಟಣಗಳನ್ನು ಅಲ್ಲಿ ಬಿಟ್ಟರೆ ಅದನ್ನೂ ಯಾರೋ ಒಬ್ಬರು ಬೆನ್ನ ಮೇಲೆ ಹೊತ್ತು ತರಬೇಕು. ನಿಮ್ಮ ಕಸ ನಿಮ್ಮ ಚೀಲದಲ್ಲೇ ಬರಲಿ.

ಮಂಡಿ ಶಸ್ತ್ರಚಿಕಿತ್ಸೆ ಆದವರು, ಹೃದ್ರೋಗಿಗಳು, ಗರ್ಭಿಣಿಯರು, ಪುಟ್ಟ ಮಕ್ಕಳನ್ನು ಎತ್ತಿಕೊಂಡೇ ಹೋಗಬೇಕಾದವರು ಟಿರ್ನಾದ ದಾರಿ ಹಿಡಿಯಬಾರದು. ಅವರಿಗೆ ಮಾವ್ಲಿನ್ನಾಂಗ್ ಪಕ್ಕದ ರಿವಾಯ್ ಊರಿನ ಬೇರುಸೇತುವೆ ಇದೆ. ವಾಹನ ನಿಲ್ಲಿಸಿದ ಜಾಗದಿಂದ ಹತ್ತು–ಹದಿನೈದು ನಿಮಿಷ ಮೆಟ್ಟಿಲು ಇಳಿದರೆ ಸಾಕು. ಅದು ಒಂದೇ ಅಂತಸ್ತಿನದಾದರೂ ಅದೇ ಮರ, ಅದೇ ಕೌಶಲ. ಬೆಳಿಗ್ಗೆ ಬೇಗ ಹೋದರೆ ಜನರ ನೂಕುನುಗ್ಗಲೂ ಇರುವುದಿಲ್ಲ.

– ಚಾರಣಾಸಕ್ತ ಓದುಗರು, ಶಿರಸಿ